ಝೆರಾಕ್ಸ್ ಅಂಗಡಿಯ ಗೋಡೆ ಹಾಳೆ: ನಾಲ್ಕು ಆಯ್ತು, ಐದನೆಯದು ಅರ್ಧ

ಗಣೇಶನ ಹಬ್ಬ ಮುಗಿದ ಮೇಲೆ ಶುರು ಮಾಡಿದ ಕೆಲಸ ಇದು. ತಿಂಗಳಿಗೊಂದು ಹಾಳೆ ಅಂತ ಜಂಬದಿಂದ ಹೇಳಿಕೊಂಡಿದ್ದೆ. ಈಗ ಫೆಬ್ರವರಿ. ಆಗಿರುವುದು ನಾಲ್ಕೇ, ಅದರಲ್ಲೂ ಒಂದು ಫೇಲು.

ಗೊತ್ತಿಲ್ಲದವರಿಗೆ ಮತ್ತೆ ಹೇಳುತ್ತೇನೆ. ತಿಪಟೂರಿನಲ್ಲಿ ನನ್ನದೊಂದು ಝೆರಾಕ್ಸ್, ಡಿಟಿಪಿ ಅಂಗಡಿ ಇದೆ. ಪಹಣಿ, ಆಧಾರ್, ಮಾರ್ಕ್ಸ್ ಕಾರ್ಡ್ ಹಿಡಿದು ಜನ ಬರುತ್ತಾರೆ, ಕಾಯುತ್ತಾರೆ. ಕಾಯುವಾಗ ಕಣ್ಣಿಗೆ ಬೀಳುವುದು ಎದುರಿನ ಗೋಡೆ. ಅಲ್ಲಿದ್ದದ್ದು ರೇಟಿನ ಪಟ್ಟಿ ಮತ್ತು ಹೋದ ವರ್ಷದ ಕ್ಯಾಲೆಂಡರು. ನನಗೋ ವಿಜ್ಞಾನದ ಪುಸ್ತಕ ಓದುವ ಹುಚ್ಚು. ಹೊಸದಾಗಿ ಬಂದ ಒಂದು ಪುಸ್ತಕ ಓದುವುದು, ಅದರಲ್ಲಿ ನಮ್ಮ ಬದುಕಿಗೆ ತಾಗುವಂಥದ್ದನ್ನು ಹೆಕ್ಕಿ ಒಂದು ಎ4 ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅಂಟಿಸುವುದು. ಇಷ್ಟೇ.

ನಿಯಮ ಮೂರು. ಅಕ್ಷರ ದಪ್ಪ ಇರಬೇಕು, ಕನ್ನಡಕ ಮರೆತು ಬಂದವರಿಗೂ ಕಾಣಬೇಕು. ಐದಾರು ವರ್ಷದೊಳಗೆ ಬಂದ ಪುಸ್ತಕ ಆಗಿರಬೇಕು. ಯಾರಾದರೂ "ಇದರದ್ದೂ ಒಂದು ಕಾಪಿ ಕೊಡಿ" ಅಂದರೆ ಡೈರಿಯಲ್ಲಿ ಒಂದು ಗೀಟು ಹಾಕಬೇಕು, ಕಾಸು ತೆಗೆದುಕೊಳ್ಳಬಾರದು. ಹಾಳೆ ಗೆದ್ದಿತೋ ಸೋತಿತೋ ಅಂತ ಗೀಟು ಎಣಿಸಿದರೆ ಗೊತ್ತಾಗುತ್ತದೆ.

ಮೊದಲನೇ ಹಾಳೆ: ಮರಳು, ತಾಮ್ರ ಇತ್ಯಾದಿ

ಎಡ್ ಕಾನ್ವೇ ಎಂಬ ಬ್ರಿಟಿಷ್ ಪತ್ರಕರ್ತರ 'ಮೆಟೀರಿಯಲ್ ವರ್ಲ್ಡ್' 2023ರಲ್ಲಿ ಬಂತು. ಮರಳು, ಉಪ್ಪು, ಕಬ್ಬಿಣ, ತಾಮ್ರ, ಎಣ್ಣೆ, ಲಿಥಿಯಂ, ಈ ಆರನ್ನು ಹಿಡಿದುಕೊಂಡು ಇವಿಲ್ಲದಿದ್ದರೆ ನಮ್ಮ ದಿನ ಹೇಗಿರುತ್ತಿತ್ತು ಅಂತ ತೋರಿಸುವ ಪುಸ್ತಕ. ನನಗೆ ಹಿಡಿಸಿದ್ದು ಅಮೆರಿಕದ ಸ್ಪ್ರೂಸ್ ಪೈನ್ ಎಂಬ ಸಣ್ಣ ಊರು. ಅಲ್ಲಿ ಸಿಗುವ ಬೆಣಚುಕಲ್ಲು ಎಷ್ಟು ಶುದ್ಧ ಅಂದರೆ, ಕಂಪ್ಯೂಟರ್ ಚಿಪ್ಪಿಗೆ ಬೇಕಾದ ಸಿಲಿಕಾನ್ ಕರಗಿಸುವ ಮೂಸೆಯನ್ನು ಅದರಿಂದಲೇ ಮಾಡುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಬಂದು ಅಲ್ಲಿನ ಗಣಿ ನಿಂತಾಗ ಚಿಪ್ ಕಂಪನಿಗಳಿಗೆಲ್ಲ ನಡುಕ ಹುಟ್ಟಿತು. ಇದನ್ನೇ ಹಾಳೆಯ ತಲೆಗೆ ಹಾಕಿದೆ.

ಜನ ಓದಿದ್ದು ಅದನ್ನಲ್ಲ. ಮರಳು ಅಂದ ಕೂಡಲೇ "ಎಂ-ಸ್ಯಾಂಡ್ ಈಗ ಲೋಡಿಗೆ ಎಷ್ಟಾಗಿದೆ ಅಕ್ಕ?" ತಾಮ್ರ ಅಂದ ಕೂಡಲೇ ಒಬ್ಬ ತೆಂಗಿನ ತೋಟದವರು ಗೋಡೆಗೆ ಬೆರಳಿಟ್ಟು, "ತಾಮ್ರದ ರೇಟು ಏರಿದಾಗಲೇ ಕಣವ್ವ ನಮ್ಮ ಬೋರಿನ ಕೇಬಲ್ಲು ಕಳುವಾಗೋದು" ಅಂದರು. ಲೋಕದ ಮಾರುಕಟ್ಟೆಗೂ ನಮ್ಮ ತೋಟಕ್ಕೂ ಇರುವ ನಂಟನ್ನು ನಾನು ಒಂದು ಪ್ಯಾರಾದಲ್ಲಿ ಹೇಳಲು ಒದ್ದಾಡಿದ್ದೆ. ಅವರು ಒಂದು ಸಾಲಿನಲ್ಲಿ ಮುಗಿಸಿದರು. ಆ ರಾತ್ರಿಯೇ ಹಾಳೆ ಕಿತ್ತು, ತಾಮ್ರವನ್ನು ಮೇಲೆ ತಂದು ಮತ್ತೆ ಅಂಟಿಸಿದೆ. ಚಿತ್ರದುರ್ಗದ ಹತ್ತಿರ ಇಂಗಳದಾಳದಲ್ಲಿ ತಾಮ್ರದ ಗಣಿ ಇತ್ತು ಅನ್ನುವುದನ್ನೂ ಸೇರಿಸಿದೆ. ಮಂಡ್ಯ ಜಿಲ್ಲೆಯಲ್ಲಿ ಬ್ಯಾಟರಿಗೆ ಬೇಕಾದ ಲಿಥಿಯಂ 1,600 ಟನ್ ಇರಬಹುದು ಅನ್ನುವ ಅಂದಾಜನ್ನೂ ಬರೆದೆ. ಅಂದಾಜು ಅನ್ನುವ ಪದಕ್ಕೆ ಕೆಳಗೆರೆ ಹಾಕಿದೆ, ಇಲ್ಲದಿದ್ದರೆ ಮಂಡ್ಯದಲ್ಲಿ ಸೈಟು ಹುಡುಕಲು ಹೊರಡುವವರಿದ್ದಾರೆ.

ಗೀಟು: 6.

ಎರಡನೇ ಹಾಳೆ: ತಪ್ಪು ತಿಂಗಳು

ವೆಂಕಿ ರಾಮಕೃಷ್ಣನ್ ಅವರ 'ವೈ ವಿ ಡೈ', 2024. ಚಿದಂಬರದಲ್ಲಿ ಹುಟ್ಟಿ, ಬರೋಡದಲ್ಲಿ ಬೆಳೆದು, ಜೀವಕೋಶದಲ್ಲಿ ಪ್ರೋಟೀನು ಕಟ್ಟುವ ರೈಬೋಸೋಮ್ ಹೇಗಿದೆ ಅಂತ ತೋರಿಸಿ 2009ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಪಡೆದವರು. ಮುಪ್ಪನ್ನು ತಡೆಯುತ್ತೇವೆ ಅಂತ ದುಡ್ಡು ಸುರಿಯುತ್ತಿರುವವರ ಬಗ್ಗೆ ಅವರಿಗೆ ಅಷ್ಟೇನೂ ನಂಬಿಕೆ ಇಲ್ಲ. ಆ ಅನುಮಾನವೇ ಪುಸ್ತಕದ ರುಚಿ.

ಹಾಳೆಗೆ "ನಾವು ಯಾಕೆ ಸಾಯುತ್ತೇವೆ?" ಅಂತ ಹೆಸರಿಟ್ಟು ಅಂಟಿಸಿದ್ದು ನವೆಂಬರ್ ಒಂದಕ್ಕೆ. ನವೆಂಬರ್ ಅಂದರೆ ಏನು? ಪೆನ್ಷನ್‌ದಾರರು ತಾವು ಬದುಕಿದ್ದೇವೆ ಅಂತ ಸರ್ಟಿಫಿಕೇಟು ಮಾಡಿಸುವ ತಿಂಗಳು! ಮೊದಲು ಬಂದ ರಿಟೈರ್ಡ್ ಮೇಷ್ಟ್ರು ಗೋಡೆ ನೋಡಿದರು, ನನ್ನನ್ನು ನೋಡಿದರು. "ಏನಮ್ಮಾ, ಬದುಕಿದ್ದೀನಿ ಅಂತ ಬರೆಸೋಕೆ ಬಂದ್ರೆ ನೀನು ಹೀಗೆ ಸ್ವಾಗತ ಮಾಡ್ತೀಯಲ್ಲ." ನಗು ತಡೆಯಲಾಗಲಿಲ್ಲ, ನಾಚಿಕೆಯೂ ಆಯಿತು. "ಮುಪ್ಪು ಯಾಕೆ ಬರುತ್ತದೆ?" ಅಂತ ಬದಲಾಯಿಸಿದೆ. ಸದ್ಯ, ವಯೋವೃದ್ಧಿ ಪ್ರಕ್ರಿಯೆ ಅಂತ ಬರೆದಿರಲಿಲ್ಲ. ಮೊದಲ ಡ್ರಾಫ್ಟಿನಲ್ಲಿ ಹಾಗೇ ಇತ್ತು, ನನ್ನಾಣೆ.

ಹಾಳೆಯಲ್ಲಿ ಇದ್ದದ್ದು: ನಮ್ಮ ಜೀವಕೋಶಗಳು ದಿನಾ ಪ್ರೋಟೀನು ಕಟ್ಟುತ್ತವೆ, ಕೆಟ್ಟದ್ದನ್ನು ಒಡೆದು ಹಾಕುತ್ತವೆ, ವಯಸ್ಸಾದಂತೆ ಈ ಕಸ ತೆಗೆಯುವ ಕೆಲಸ ನಿಧಾನವಾಗುತ್ತದೆ. ಈಸ್ಟರ್ ದ್ವೀಪದ ಮಣ್ಣಿನಲ್ಲಿ ಸಿಕ್ಕ ರಾಪಮೈಸಿನ್ ಎಂಬ ಔಷಧಿ ಇಲಿಗಳ ಆಯಸ್ಸು ಹೆಚ್ಚಿಸಿದೆ, ಆದರೆ ಅದು ರೋಗನಿರೋಧಕ ಶಕ್ತಿಯನ್ನು ಅದುಮುವ ಔಷಧಿಯೂ ಹೌದು. ದಾಖಲೆಯಲ್ಲಿ ಅತಿ ಹೆಚ್ಚು ಕಾಲ ಬದುಕಿದವರು ಫ್ರಾನ್ಸಿನ ಜಾನ್ ಕಾಲ್ಮಾ, 122 ವರ್ಷ.

ಆದರೆ ಅಂಗಡಿಯಲ್ಲಿ ಎದ್ದ ಪ್ರಶ್ನೆ ಬೇರೆ. ಅಜ್ಜಿಯೊಬ್ಬರ ಬೆರಳನ್ನು ಬೆರಳಚ್ಚಿನ ಮಿಷನ್ನು ಹಿಡಿಯಲೇ ಇಲ್ಲ. ಒರೆಸಿದೆವು, ಬೇರೆ ಬೆರಳು ಇಟ್ಟೆವು. ಊಹೂಂ. ಕೊನೆಗೆ ಮೊಬೈಲಿನಲ್ಲಿ ಮುಖ ತೋರಿಸಿ ಆಯಿತು. ಹೋಗುವಾಗ, "ಬೆರಳಿನ ಗೆರೆ ಎಲ್ಲೋಗ್ತವೆ ಮಗ? ಅದನ್ನೂ ಬರ್ದಿದ್ದೀಯಾ ಅಲ್ಲಿ?" ಅಂದರು. ಬರೆದಿರಲಿಲ್ಲ. ವಯಸ್ಸಾದಂತೆ ಚರ್ಮ ಒಣಗಿ ಬಿಗಿ ಕಳೆದುಕೊಳ್ಳುತ್ತದೆ, ಗೆರೆಗಳ ಏರು ತಗ್ಗುತ್ತದೆ, ಜೀವನವಿಡೀ ಕಾಯಿ ಸುಲಿದ, ಪಾತ್ರೆ ತಿಕ್ಕಿದ ಕೈಯಲ್ಲಿ ಇನ್ನಷ್ಟು ಸವೆಯುತ್ತದೆ ಅಂತ ಕೆಳಗೆ ಪೆನ್ನಿನಲ್ಲಿ ಸೇರಿಸಿದೆ. ಆಮೇಲೆ ಎಲ್ಲರೂ ಓದಿದ್ದು ಆ ಪೆನ್ನಿನ ಸಾಲನ್ನೇ.

ಗೀಟು: 11.

ಮೂರನೇ ಹಾಳೆ: ಫೇಲು

2025 ವಿಶ್ವಸಂಸ್ಥೆಯ ಕ್ವಾಂಟಂ ವರ್ಷ ಆಗಿತ್ತು. ಪರಮಾಣುವಿನಂಥ ಅತಿ ಸಣ್ಣದರ ವಿಜ್ಞಾನ ಅದು. ಕಾರ್ಲೋ ರೊವೆಲ್ಲಿಯ 'ಹೆಲ್ಗೋಲ್ಯಾಂಡ್' ಓದಿದ್ದೆ. 23 ವರ್ಷದ ಭೌತವಿಜ್ಞಾನಿ ಹೈಸೆನ್‌ಬರ್ಗ್ 1925ರ ಜೂನಿನಲ್ಲಿ ಹೂವಿನ ಪರಾಗಕ್ಕೆ ಬರುವ ಸೀನು ತಾಳಲಾರದೆ, ಮರಗಿಡ ಇಲ್ಲದ ಆ ದ್ವೀಪಕ್ಕೆ ಓಡಿಹೋಗಿ ಕ್ವಾಂಟಂ ಲೆಕ್ಕ ಶುರು ಮಾಡಿದ ಕಥೆ ನನಗೆ ಭಾರಿ ಇಷ್ಟ. ಕಥೆ ಸರಿ, ಮುಂದೆ? ನಾಲ್ಕು ಸಲ ಬರೆದೆ. ಅಂಟಿಸಿದ ಎರಡನೇ ದಿನ ಒಬ್ಬರು ಪೂರ್ತಿ ಓದಿ, "ಇದು ಜಾತಕದ್ದಾ ಅಕ್ಕ?" ಅಂದರು. ನಾಲ್ಕನೇ ದಿನ ಕಿತ್ತೆ. ಗೀಟು: 0. ಶಿವರಾಮ ಕಾರಂತರು ಒಬ್ಬರೇ ಕೂತು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟ ಬರೆದಿದ್ದಾರೆ, ನನಗೆ ಒಂದು ಹಾಳೆಗೇ ಬೆವರು.

ನಾಲ್ಕನೇ ಹಾಳೆ: ಟಿಬಿ

ಇದನ್ನು ಬರೆಯಲು ಆರು ವಾರ ಹಿಡಿಯಿತು. ಜಾನ್ ಗ್ರೀನ್ ಅವರ 'ಎವೆರಿಥಿಂಗ್ ಈಸ್ ಟ್ಯೂಬರ್‌ಕ್ಯುಲೋಸಿಸ್' 2025ರಲ್ಲಿ ಬಂತು. ಕಾದಂಬರಿಕಾರರು ಬರೆದ ವಿಜ್ಞಾನ ಪುಸ್ತಕ ಅಂತ ನನಗೆ ಮೊದಲು ಸ್ವಲ್ಪ ತಾತ್ಸಾರ ಇತ್ತು. ಸಿಯೆರಾ ಲಿಯೋನ್‌ನ ಒಂದು ಆಸ್ಪತ್ರೆಯಲ್ಲಿ ಹೆನ್ರಿ ಎಂಬ ಹುಡುಗ ಅವರಿಗೆ ಸಿಗುತ್ತಾನೆ. ಒಂಬತ್ತು ವರ್ಷ ಇರಬಹುದು ಅಂದುಕೊಳ್ಳುತ್ತಾರೆ. ಅವನಿಗೆ ಹದಿನೇಳು. ಅಲ್ಲಿಗೆ ನನ್ನ ತಾತ್ಸಾರ ಮುಗಿಯಿತು. 1882ರಲ್ಲೇ ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಈ ರೋಗಾಣುವನ್ನು ತೋರಿಸಿದ್ದರು. ಔಷಧಿ ಬಂದು ಮುಕ್ಕಾಲು ಶತಮಾನ ಆಯಿತು. ಆದರೂ 2023ರಲ್ಲಿ ಪ್ರಪಂಚದಲ್ಲಿ ಸುಮಾರು ಹನ್ನೆರಡೂವರೆ ಲಕ್ಷ ಜನ ಇದರಿಂದ ಸತ್ತರು. ರೋಗಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ನಮ್ಮ ದೇಶದವರು.

ಪುಸ್ತಕ ಮುಗಿಸಿ ನಾನು ಹುಡುಕುತ್ತಾ ಹೋಗಿದ್ದು ನಮ್ಮ ಕಡೆಯ ಕಥೆಯನ್ನು. ಎರಡು ಸಿಕ್ಕವು. ಒಂದು ಮದ್ರಾಸಿನದು. 1956ರಲ್ಲಿ ಅಲ್ಲಿ ಒಂದು ಪ್ರಯೋಗ ಶುರುವಾಯಿತು. ಬಡ ರೋಗಿಗಳಲ್ಲಿ ಅರ್ಧ ಜನರನ್ನು ಸ್ಯಾನಿಟೋರಿಯಂನಲ್ಲಿ, ಅಂದರೆ ಟಿಬಿಯವರಿಗೆಂದೇ ಇದ್ದ ಆಸ್ಪತ್ರೆಯಲ್ಲಿ ಇಟ್ಟು ಒಳ್ಳೆಯ ಊಟ, ವಿಶ್ರಾಂತಿ ಕೊಟ್ಟರು. ಇನ್ನರ್ಧ ಜನ ತಮ್ಮ ಇಕ್ಕಟ್ಟಾದ ಮನೆಯಲ್ಲೇ ಇದ್ದು ಅದೇ ಮಾತ್ರೆ ನುಂಗಿದರು. ವರ್ಷದ ಕೊನೆಗೆ ಎರಡೂ ಗುಂಪು ಹೆಚ್ಚು ಕಡಿಮೆ ಒಂದೇ ಥರ ಗುಣವಾಗಿತ್ತು. ಮನೆಯವರಿಗೆ ಜಾಸ್ತಿ ಅಂಟಿಯೂ ಇರಲಿಲ್ಲ. ಗುಣ ಮಾಡುವುದು ಬೆಟ್ಟದ ಗಾಳಿ ಅಲ್ಲ, ಬಿಡದೆ ನುಂಗುವ ಮಾತ್ರೆ ಅಂತ ಜಗತ್ತಿಗೆ ಗೊತ್ತಾಗಿದ್ದು ಹಾಗೆ.

ಇನ್ನೊಂದು ನಮ್ಮದೇ ತುಮಕೂರು ಜಿಲ್ಲೆಯದು. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960ರ ಆಸುಪಾಸಿನಲ್ಲಿ ಇಲ್ಲಿನ ಹಳ್ಳಿಗಳಲ್ಲಿ ಸರ್ವೆ ಮಾಡಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಅಂತ ಎಲ್ಲರ ನಂಬಿಕೆ. ರೋಗ ಇದ್ದವರನ್ನು ಕೂರಿಸಿ ಮಾತಾಡಿಸಿದರೆ, ಬಹುಪಾಲು ಜನಕ್ಕೆ ತಮಗೆ ಏನೋ ಆಗಿದೆ ಅಂತ ಚೆನ್ನಾಗಿಯೇ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿಯೂ ಬಂದಿದ್ದರು. ಕೆಮ್ಮಿನ ಔಷಧಿ ಬಾಟ್ಲಿ ಕೊಟ್ಟು ವಾಪಸ್ ಕಳಿಸಿದ್ದರು, ಅಷ್ಟೇ. ನಾನು ಹುಟ್ಟಿ ಬೆಳೆದ ಜಿಲ್ಲೆಯ ಈ ವಿಷಯ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಹಾಳೆಯ ಮೊದಲ ಸಾಲಿಗೆ ಇದನ್ನೇ ಹಾಕಿದೆ.

ಉಳಿದಿದ್ದು ಚಿಕ್ಕದಾಗಿ. ಮಾಮೂಲಿ ಕರುಳಿನ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೆ ಎರಡಾಗುತ್ತದೆ. ಟಿಬಿಯದು ಎರಡಾಗಲು ಸುಮಾರು ಒಂದು ದಿನ ಬೇಕು. ಔಷಧಿ ಚೆನ್ನಾಗಿ ಹೊಡೆಯುವುದು ಬೆಳೆಯುತ್ತಿರುವ ರೋಗಾಣುವನ್ನು. ಇದು ಸೋಮಾರಿ, ಸುಮ್ನೆ ಬಿದ್ದಿರುತ್ತದೆ. ಅದಕ್ಕೇ ಆರು ತಿಂಗಳು ಮಾತ್ರೆ. ಎರಡು ತಿಂಗಳಿಗೆ ಕೆಮ್ಮು ನಿಂತಿತು ಅಂತ ಬಿಟ್ಟರೆ ಉಳಿದವು ಮತ್ತೆ ಏಳುತ್ತವೆ, ಮಾತ್ರೆಗೂ ಜಗ್ಗದ ಹಾಗೆ ಆಗಬಹುದು. ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ. ಊಟಕ್ಕೆ ಅಂತ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ, 2024ರ ನವೆಂಬರಿಗೆ ಮುಂಚೆ 500 ಇತ್ತು. ಮಾತ್ರೆಗೆ ಜಗ್ಗದ ಟಿಬಿಗೆ ಬೆಡಾಕ್ವಿಲಿನ್ ಅಂತ ಔಷಧಿ ಇದೆ. ಅದರ ಪೇಟೆಂಟ್ ಇನ್ನಷ್ಟು ವರ್ಷ ಎಳೆಯಲು ಕಂಪನಿ ಹಾಕಿದ್ದ ಅರ್ಜಿಯನ್ನು 2023ರಲ್ಲಿ ಮುಂಬೈ ಪೇಟೆಂಟ್ ಕಚೇರಿ ತಿರಸ್ಕರಿಸಿತು. ಎದುರು ನಿಂತವರಲ್ಲಿ ಟಿಬಿ ಗೆದ್ದ ಇಬ್ಬರು ಹೆಂಗಸರಿದ್ದರು: ನಮ್ಮ ದೇಶದ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕಾದ ಫುಮೇಝಾ ಟಿಸಿಲೆ. ಹಳೇ ಔಷಧಿಗಳಿಂದ ಇಬ್ಬರಿಗೂ ಕಿವಿ ಹೋಗಿತ್ತು.

ಈ ಹಾಳೆಯನ್ನು ಯಾರೂ ಗಟ್ಟಿಯಾಗಿ ಓದಲಿಲ್ಲ. ಕಾಮೆಂಟು, ತಮಾಷೆ ಏನೂ ಇಲ್ಲ. ಸೋತಿತು ಅಂದುಕೊಂಡೆ. ಒಂದು ವಾರದ ಮೇಲೆ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಒಬ್ಬ ಹೆಂಗಸು ಬಂದರು. ರೇಷನ್ ಕಾರ್ಡಿನ ಕಾಪಿ ತೆಗೆಸಿಕೊಂಡು, ದುಡ್ಡು ಕೊಟ್ಟು, ಹೋಗದೆ ನಿಂತರು. "ಅದರದ್ದೂ ಒಂದು," ಅಂತ ಗದ್ದ ತೋರಿಸಿದರು. ಕೊಟ್ಟೆ. ನಾಲ್ಕಾಗಿ ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡರು. ಆಮೇಲೆ ಹೀಗೇ ಬಂದವರೇ ಹೆಚ್ಚು, ಒಬ್ಬೊಬ್ಬರೇ, ಅಂಗಡಿ ಖಾಲಿ ಇದ್ದಾಗ. ಈಗ ಕೇಳಲಿ ಅಂತ ಕಾಯುವುದಿಲ್ಲ. ಇಪ್ಪತ್ತು ಕಾಪಿ ತೆಗೆದು ಬಾಗಿಲ ಪಕ್ಕ ಮೊಳೆಗೆ ಸಿಕ್ಕಿಸಿದ್ದೇನೆ. ಯಾರು ತೆಗೆದುಕೊಂಡರು ಅಂತ ನೋಡಲು ಹೋಗುವುದಿಲ್ಲ, ಹಾಗಾಗಿ ಗೀಟಿನ ಲೆಕ್ಕ ಕೆಟ್ಟಿತು. ಎರಡು ಸಲ ಮೊಳೆ ಖಾಲಿಯಾಗಿದೆ.

ಐದನೇ ಹಾಳೆ: ನಡೆಯುತ್ತಿದೆ

ಇದಕ್ಕೆ ಹೊಸ ಪುಸ್ತಕ ಇಲ್ಲ, ನನ್ನ ನಿಯಮ ನಾನೇ ಮುರಿಯುತ್ತಿದ್ದೇನೆ. ಹೋದ ವಾರ ಮಿಷನ್ ರಿಪೇರಿಯವರು ಬಂದು ಕವರ್ ಬಿಚ್ಚಿದಾಗ ಇಬ್ಬರು ಹೈಸ್ಕೂಲ್ ಹುಡುಗರು ಒಳಗೆ ಇಣುಕಿ, "ಇಂಕು ಎಲ್ಲಿ?" ಅಂತ ಕೇಳಿದರು. ಇಂಕೇ ಇಲ್ಲ, ಅಲ್ವಾ? ಪುಡಿ. ಹದಿನಾಲ್ಕು ವರ್ಷದಿಂದ ಇದೇ ಮಿಷನ್ನಿನ ಮುಂದೆ ನಿಂತಿದ್ದೇನೆ, ಇದರ ಬಗ್ಗೆ ಒಂದು ಹಾಳೆ ಬರೆಯಲು ಹೊಳೆದಿರಲಿಲ್ಲ.

ಈ ಝೆರಾಕ್ಸ್ ವಿಧಾನ ಕಂಡುಹಿಡಿದ ಚೆಸ್ಟರ್ ಕಾರ್ಲ್‌ಸನ್ ಒಂದು ಕಂಪನಿಯ ಪೇಟೆಂಟ್ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ಕಾಗದ ನಕಲು ಮಾಡಿ ಮಾಡಿ ಸಾಕಾಗಿತ್ತು, ಸಂಧಿವಾತ ಬೇರೆ. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಆಸ್ಟೋರಿಯಾದಲ್ಲಿ, ಗಂಧಕ ಬಳಿದ ಸತುವಿನ ತಗಡನ್ನು ಬಟ್ಟೆಯಿಂದ ಉಜ್ಜಿ, ಬರೆದ ಗಾಜನ್ನು ಅದರ ಮೇಲಿಟ್ಟು ಬೆಳಕು ಬಿಟ್ಟು, ಪುಡಿ ಉದುರಿಸಿದರು. ಬೆಳಕು ಬಿದ್ದ ಕಡೆ ಚಾರ್ಜು ಹೋಯಿತು, ಅಕ್ಷರದ ನೆರಳಿದ್ದ ಕಡೆ ಉಳಿಯಿತು, ಪುಡಿ ಅಲ್ಲಿಗೇ ಅಂಟಿತು. ತಲೆಗೆ ಉಜ್ಜಿದ ಬಾಚಣಿಗೆಗೆ ಕಾಗದದ ಚೂರು ಹತ್ತುತ್ತದಲ್ಲ, ಅದೇ. ಅಲ್ಲಿಯವರೆಗೆ ಟೈಪ್ ಆಗಿದೆ.

ನಮ್ಮ ಮಿಷನ್ನಿನಲ್ಲಿ ಆ ತಗಡಿನ ಕೆಲಸ ಮಾಡುವ ಡ್ರಮ್ಮಿಗೆ ಗೀರು ಬಿದ್ದಿದೆಯಂತೆ. ಹೊಸದು ಬರುವವರೆಗೆ ಪ್ರತಿ ಕಾಪಿಯ ಎಡಗಡೆ ಒಂದು ಸಣ್ಣ ಕಪ್ಪು ಗೆರೆ ಬರುತ್ತಿದೆ. ಗಿರಾಕಿಗಳು ಬೈಯುತ್ತಿದ್ದಾರೆ. ಐದನೇ ಹಾಳೆಯನ್ನು ಮಾತ್ರ ಆ ಗೆರೆ ಸಮೇತ ತೆಗೆದು ಅಂಟಿಸುತ್ತೇನೆ. ಗೆರೆಯ ಕಡೆಗೆ ಒಂದು ಬಾಣದ ಗುರುತು ಹಾಕಿ, "ಇದು ಯಾಕೆ ಬಂತು ಹೇಳಿ?" ಅಂತ ಬರೆಯುವುದು ಬಾಕಿ ಇದೆ.