ಅಲ್ಲಿ ಹಲಗೆ ಹಾಕುವಾಗ ಇಲ್ಲಿ ತೆಗೆಯುತ್ತಾರೆ

ನವೆಂಬರ್‌ನ ಒಂದು ಶನಿವಾರ. ಇಲ್ಲಿ ಬೆಳಗ್ಗೆ 7 ಗಂಟೆ, ಊರಲ್ಲಿ ಸಂಜೆ ಐದೂವರೆ. ಫೋನ್ ಮಾಡಿದಾಗ ಅಪ್ಪಯ್ಯ ಬ್ರಹ್ಮಾವರದ ನಮ್ಮ ಬೈಲಿನ ತೋಡಿನ ಬದಿಯಲ್ಲಿದ್ದರು. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿ ಆಗಿತ್ತು. ಎರಡು ಸಾಲು ಹಲಗೆ, ನಡುವೆ ತುಳಿದು ತುಂಬಿದ ಮಣ್ಣು. "ಸುಗ್ಗಿ ಬೆಳೆಗೆ ನೀರು ನಿಂತರೆ ಸಾಕು ಮಾರಾಯ" ಅಂದರು.

ನಾನು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಮನೆ ಹತ್ತಿರದ ಸಣ್ಣ ಕೆರೆಯ ಕಟ್ಟದ ಪಕ್ಕ ನಿಂತಿದ್ದೆ. ಇಲ್ಲೂ ಅವತ್ತು ಹಲಗೆಯದೇ ಕೆಲಸ. ಆದರೆ ತೆಗೆಯುವ ಕೆಲಸ.

"ಇರುವ ನೀರನ್ನೂ ಬಿಡುವುದಾ?" ಅಪ್ಪಯ್ಯನಿಗೆ ಸಂಕಟವಾಯಿತು.

ಇಲ್ಲಿ ಹೆದರಿಕೆ ಬೇಸಿಗೆಯದ್ದಲ್ಲ, ಚಳಿಯದ್ದು. ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಕಲ್ಲಿನ ಸಂದಿಯಲ್ಲಿ ಹಾಗಾದರೆ ಸಂದಿ ಬಿಡುತ್ತದೆ. ಅದಕ್ಕೇ ಚಳಿಗೆ ಮೊದಲು ನೀರು ಇಳಿಸುತ್ತಾರೆ. ದಂಡೆಯ ಕಳೆಯ ಬೇರೂ ಚಳಿಗೆ ಸಾಯುತ್ತದೆ.

ಶಿಲೆಕಲ್ಲಿನ ಹಳೇ ಕಟ್ಟ ಇದು. ಗಿರಣಿಯ ಚಕ್ರ ತಿರುಗಿಸಲು ಕಟ್ಟಿದ್ದು, ನ್ಯೂ ಇಂಗ್ಲೆಂಡ್ ಅನ್ನುವ ಅಮೆರಿಕದ ಈ ಈಶಾನ್ಯ ಭಾಗದ ತುಂಬಾ ಇಂಥವಿವೆ. ಗಿರಣಿ ಹೋಯಿತು, ಕೆರೆ ಉಳಿಯಿತು. ಈಗ ಮಕ್ಕಳು ಈಜುತ್ತಾರೆ, ದೋಣಿ ಬಿಡುತ್ತಾರೆ. ಮಣಿಪಾಲದ ಮಣ್ಣಪಳ್ಳದಲ್ಲಿ ನಾವು ಸಂಜೆ ವಾಕಿಂಗ್ ಹೋಗುತ್ತೇವಲ್ವಾ, ಹಾಗೆಯೇ ಇದರ ಸುತ್ತ ಜನ. ಕಟ್ಟದ ಕಡೆ ಮಾತ್ರ ಯಾರೂ ನೋಡುವುದಿಲ್ಲ. ನನಗೆ ಅದೇ ಬೇಜಾರು. ಒಳಗೆ ಕಬ್ಬಿಣ ಇಲ್ಲ, ಏನೂ ಇಲ್ಲ. ತನ್ನ ಭಾರದಿಂದಲೇ ಇಷ್ಟೂ ನೀರಿಗೆ ಎದೆ ಕೊಟ್ಟು ನಿಂತಿದೆ.

ವಿಡಿಯೋದಲ್ಲಿ ತೋರಿಸಿದೆ. ಒಂದು ಸಂದಿಯಿಂದ ನೂಲಿನ ಹಾಗೆ ನೀರು ಇಳಿಯುತ್ತಿತ್ತು. ಕೆಳಗೆ ಬಿಳಿ ಗೆರೆ, ಗಾರೆಯ ಸುಣ್ಣ ಕರಗಿ ಬಂದದ್ದು. ಪಕ್ಕದಲ್ಲೇ ಬೆರಳುದ್ದದ ಒಂದು ಸಸಿ.

"ಆ ಸಸಿ ಈಗಲೇ ಕೀಳಲಿಕ್ಕೆ ಹೇಳು. ಬಾವಿಕಟ್ಟೆಯಲ್ಲಿ ಅಶ್ವತ್ಥ ಹುಟ್ಟಿದರೆ ಏನಾಗುತ್ತದೆ, ನೀನೇ ನೋಡಿದ್ದೀಯಲ್ಲ." ಆಮೇಲೆ ಕೇಳಿದರು, "ನೀರು ತಿಳಿಯೋ, ಕೆಂಪೋ?"

"ತಿಳಿ."

"ಹಾಗಾದರೆ ಮಣ್ಣು ಕೊಚ್ಚಿ ಹೋಗುತ್ತಾ ಇಲ್ಲ."

ಹಲಗೆ ತೆಗೆಯುತ್ತಿದ್ದ ಹಿರಿಯರಿಗೆ ಇದನ್ನು ಹೇಳಿದೆ. ಅವರು ಕೆಲಸ ನಿಲ್ಲಿಸಿ ಫೋನಿನಲ್ಲಿದ್ದ ಅಪ್ಪಯ್ಯನಿಗೆ ಕೈ ಎತ್ತಿದರು. ಕಟ್ಟದ ಎರಡೂ ತುದಿಗೆ ಮಣ್ಣಿನ ಏರಿ ಇದೆ, ಅಲ್ಲಿ ತಾವು ನೋಡುವುದೂ ಇದನ್ನೇ ಅಂದರು. ಆದರೆ ತಿಳಿನೀರಾದರೂ ಜಾಸ್ತಿಯಾಗುತ್ತಾ ಹೋಗಬಾರದು. ಆ ಸಂದಿಗೆ ಬಾಟಲಿ ಹಿಡಿದರು, ತುಂಬುವ ತನಕ ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದುಕೊಂಡರು. ಸಸಿಯನ್ನೂ ಕಿತ್ತರು.

ಈಗ ಪ್ರತಿ ಶನಿವಾರ ಅಪ್ಪಯ್ಯನ ಮೊದಲ ಮಾತು, "ಬಾಟಲಿ ತುಂಬಲಿಕ್ಕೆ ಎಷ್ಟು ಹೊತ್ತಾಯಿತು?"