ಅಕಿಹಾಬರದ ಜಂಕ್ ಪೆಟ್ಟಿಗೆಯಿಂದ ಮಿತಾಕದ ಮೇಜಿನವರೆಗೆ

ಟೋಕಿಯೋದ ಅಕಿಹಾಬರ ನಿಲ್ದಾಣದಲ್ಲಿ 'ಎಲೆಕ್ಟ್ರಿಕ್ ಟೌನ್' ಎಂದು ಬರೆದ ದ್ವಾರದಿಂದ ಹೊರಗೆ ಬಂದರೆ ಕಣ್ಣಿಗೆ ಮೊದಲು ಬೀಳುವುದು ಕಾರ್ಟೂನ್ ಹುಡುಗಿಯರ ಭಾರಿ ಚಿತ್ರಗಳು. ಹೆಚ್ಚಿನ ಪ್ರವಾಸಿಗರು ಅವುಗಳ ಫೋಟೊ ತೆಗೆದುಕೊಂಡು ಚುವೊ ದೋರಿ ಎಂಬ ಹೆದ್ದಾರಿಯತ್ತ ನಡೆದುಬಿಡುತ್ತಾರೆ. ನಾನು ಬಂದಿದ್ದು ಬೇರೆ ಕೆಲಸಕ್ಕೆ. ಎಂಬತ್ತರ ದಶಕದಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ವಿಡಿಯೊ ಗೇಮ್ ಯಂತ್ರಗಳಿದ್ದವಲ್ಲ, ಅವುಗಳ ಹೊಟ್ಟೆಯೊಳಗಿನ ಸರ್ಕ್ಯೂಟ್ ಬೋರ್ಡುಗಳು ಇಂದಿಗೂ ಈ ಪೇಟೆಯ ಕೆಲವು ಅಂಗಡಿಗಳಲ್ಲಿ ಸಿಗುತ್ತವೆ. ಜಪಾನೀಯರು ಅವನ್ನು 'ಕಿಬಾನ್' ಎನ್ನುತ್ತಾರೆ. ಚಾಲೂ ಸ್ಥಿತಿಯಲ್ಲಿರುವವು ಗಾಜಿನ ಕಪಾಟಿನಲ್ಲಿ, ಹೆಸರು ಮತ್ತು ಬೆಲೆಯ ಚೀಟಿಯೊಂದಿಗೆ ಇರುತ್ತವೆ. ಪರೀಕ್ಷೆ ಮಾಡದವು, ಹೆಸರು ಗೊತ್ತಿಲ್ಲದವು ನೆಲದ ಮೇಲಿನ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ 'ಜಂಕ್' ಎಂಬ ಚೀಟಿ ಹೊತ್ತು ಬಿದ್ದಿರುತ್ತವೆ. ಜಂಕ್ ಎಂದರೆ ಕಸವೆಂದಲ್ಲ. ಕೊಂಡ ಮೇಲೆ ನಡೆಯಲಿಲ್ಲವೆಂದು ವಾಪಸು ತರುವಂತಿಲ್ಲ, ಅಷ್ಟೇ.

ನಾನು ಎತ್ತಿಕೊಂಡ ಬೋರ್ಡಿನ ಮೇಲೆ ಆಟದ ಹೆಸರಿರಲಿಲ್ಲ. ಚಿಪ್‌ಗಳ ಮೇಲಿನ ಚೀಟಿಗಳು ಅಂಟು ಒಣಗಿ ಎಂದೋ ಉದುರಿದ್ದವು. ಅಂಚಿನ ಕನೆಕ್ಟರಿನ ಹೊಳೆಯುವ ಪಟ್ಟಿಗಳನ್ನು ಎಣಿಸಿದೆ: ಮೇಲೆ 18, ಕೆಳಗೆ 18, ಒಟ್ಟು 36. ಅಷ್ಟರಿಂದಲೇ ಒಂದು ವಿಷಯ ಖಚಿತವಾಯಿತು. ಇದು ಜಮ್ಮಾ ಬೋರ್ಡ್ ಅಲ್ಲ.

ಜಮ್ಮಾ ಎಂಬುದು ಜಪಾನಿನ ಆಟದ ಯಂತ್ರ ತಯಾರಕರ ಸಂಘಕ್ಕೆ ಆಗ ಇದ್ದ ಹೆಸರು. 1985ರ ಸುಮಾರಿಗೆ ಅವರು 56 ಪಟ್ಟಿಗಳ ಒಂದು ಸಾಮಾನ್ಯ ಜೋಡಣೆಯನ್ನು ಗೊತ್ತುಮಾಡಿದರು. ಅದಕ್ಕೂ ಮೊದಲು ಪ್ರತಿಯೊಂದು ಕಂಪನಿಗೂ ತನ್ನದೇ ವೈರಿಂಗ್ ಇತ್ತು. ಕೆಲವೊಮ್ಮೆ ಒಂದೇ ಕಂಪನಿಯ ಎರಡು ಆಟಗಳಿಗೆ ಎರಡು ಬಗೆ. ಚುವೊ ದೋರಿಯಲ್ಲಿರುವ ಟೈಟೊ ಕಂಪನಿಯ 'ಹೇ' ಆಟದ ಮನೆಗೆ ಹೋದರೆ ಜಮ್ಮಾ ತಂದ ಅನುಕೂಲ ಏನೆಂದು ಕಣ್ಣಾರೆ ಕಾಣುತ್ತದೆ. ಅಲ್ಲಿ ಹಳೆಯ ಶೂಟಿಂಗ್ ಆಟಗಳು ಸಾಲುಸಾಲಾಗಿವೆ, ಕ್ಯಾಬಿನೆಟ್‌ಗಳು ಮಾತ್ರ ಹೆಚ್ಚುಕಡಿಮೆ ಒಂದೇ ಥರ. ಒಳಗಿನ ಬೋರ್ಡ್ ಕಳಚಿ ಇನ್ನೊಂದನ್ನು ಸಿಕ್ಕಿಸಿ, ಪರದೆಯ ಕೆಳಗಿನ ಸೂಚನಾ ಕಾರ್ಡ್ ಬದಲಿಸಿದರೆ ಹೊಸ ಆಟ ಸಿದ್ಧ. ನನ್ನ ಕೈಯಲ್ಲಿದ್ದ ಬೋರ್ಡ್ ಆ ಒಪ್ಪಂದಕ್ಕಿಂತ ಹಿಂದಿನದು. ಅದಕ್ಕೆ ಭಾಷಾಂತರ ಮಾಡುವ ಒಂದು ಅಡಾಪ್ಟರ್ ಬೇಕು. ಅಡಾಪ್ಟರ್ ಮಾಡಬೇಕಾದರೆ ಯಾವ ಪಟ್ಟಿ ಏನು ಎಂದು ಮೊದಲು ತಿಳಿಯಬೇಕು.

ಚುವೊ ಮಾರ್ಗದ ರೈಲಿನಲ್ಲಿ ಪಶ್ಚಿಮಕ್ಕೆ ಹೊರಟರೆ ಮಿತಾಕ. ಅಲ್ಲಿ ನನ್ನ ಹಿರಿಯ ಗೆಳೆಯರೊಬ್ಬರು ಇಂಥ ಯಂತ್ರಗಳ ದುರಸ್ತಿ ಮಾಡುತ್ತಾರೆ. ಅವರ ಕೋಣೆಯಲ್ಲಿ ಸೆಗಾ ಕಂಪನಿಯ ಒಂದು ಆಸ್ಟ್ರೋ ಸಿಟಿ ಕ್ಯಾಬಿನೆಟ್ ಇದೆ. 1993ರ ಮಾದರಿ, 29 ಇಂಚಿನ ಪಿಕ್ಚರ್ ಟ್ಯೂಬ್, ಕುಳಿತು ಆಡುವಷ್ಟು ಎತ್ತರ. ಬೋರ್ಡನ್ನು ಕೈಗಿತ್ತಾಗ ಅವರು ಮೊದಲು ಮಾಡಿದ್ದು ಚೀಟಿ ಕಳೆದುಕೊಂಡ, ಆಟದ ಪ್ರೋಗ್ರಾಂ ಹೊತ್ತ ಈಪ್ರಾಮ್ ಚಿಪ್‌ಗಳ ಗಾಜಿನ ಕಿಟಕಿಗಳಿಗೆ ಕಪ್ಪು ಟೇಪ್ ಹಚ್ಚುವ ಕೆಲಸ. ಆ ಕಿಟಕಿಯ ಮೂಲಕ ಅತಿನೇರಳೆ ಬೆಳಕು ಬಿದ್ದರೆ ಒಳಗಿನ ಪ್ರೋಗ್ರಾಂ ಅಳಿಸಿಹೋಗುತ್ತದೆ. ಬಿಸಿಲಿಗೆ ಅದು ನಿಧಾನವಾಗಿ ಆಗುತ್ತದೆ, ಆದರೆ ಆಗಿಯೇ ಆಗುತ್ತದೆ.

"ಇವತ್ತು ಕರೆಂಟ್ ಕೊಡುವ ಮಾತೇ ಇಲ್ಲ, ನೀವು ಓದುವುದಷ್ಟೇ," ಎಂದರು.

ಒಂದು ಮಾತನ್ನು ನಾನು ಯಾರಿಗೇ ಆದರೂ ಹೇಳಿಯೇ ಹೇಳುತ್ತೇನೆ: ಕನೆಕ್ಟರ್ ಸರಿಯಾಗಿ ಕೂತಿತು ಎಂದ ಮಾತ್ರಕ್ಕೆ ವೈರಿಂಗ್ ಸರಿಯಿದೆ ಎಂದಲ್ಲ. ಪಟ್ಟಿಗಳ ನಡುವಿನ ಅಂತರ 3.96 ಮಿಲಿಮೀಟರ್ ಎಂಬುದು ಬಹುತೇಕ ಎಲ್ಲ ಹಳೆಯ ಬೋರ್ಡುಗಳಿಗೂ ಸಮಾನ. ಹೀಗಾಗಿ ಯಾರದೋ ಕನೆಕ್ಟರ್ ಯಾರದೋ ಬೋರ್ಡಿಗೆ ಹಿತವಾಗಿ ಕೂರುತ್ತದೆ, 5 ವೋಲ್ಟ್ ಬೇಕಾದ ಕಡೆ 12 ಹೋಗುತ್ತದೆ, ನಲವತ್ತು ವರ್ಷ ಬಾಳಿದ ಚಿಪ್‌ಗಳು ಕ್ಷಣದಲ್ಲಿ ಸಾಯುತ್ತವೆ. ಚೀಟಿಯನ್ನು ನಂಬಬಾರದು, ಬೇರೆಯವರು ಬರೆದ ನಕ್ಷೆಯನ್ನೂ ಪರೀಕ್ಷಿಸದೆ ನಂಬಬಾರದು. ತಾಮ್ರದ ಗೆರೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದೊಂದೇ ನಂಬಲು ಅರ್ಹ.

ಓದು ಶುರುವಾಗುವುದು ಮಲ್ಟಿಮೀಟರಿನಿಂದ. ಎರಡು ಕಡ್ಡಿಗಳ ನಡುವೆ ವಿದ್ಯುತ್ತಿಗೆ ನೇರ ದಾರಿಯಿದ್ದರೆ ಬೀಪ್ ಮಾಡುವ ಸ್ಥಿತಿಯಲ್ಲಿ ಅದನ್ನಿಟ್ಟು, ಬೋರ್ಡಿನ ತುಂಬ ಹರಡಿರುವ 74 ಸರಣಿ ಎಂಬ ಸಾಮಾನ್ಯ ಬಗೆಯ 14 ಕಾಲಿನ ಚಿಪ್‌ಗಳಲ್ಲಿ ಒಂದನ್ನು ಹಿಡಿಯಬೇಕು. ಸಾಮಾನ್ಯವಾಗಿ ಅದರ 7ನೇ ಕಾಲು ಗ್ರೌಂಡ್, ಅಂದರೆ ಸೊನ್ನೆ ವೋಲ್ಟಿನ ಗೆರೆ; 14ನೇ ಕಾಲು 5 ವೋಲ್ಟ್. ಒಂದು ಕಡ್ಡಿಯನ್ನು 7ನೇ ಕಾಲಿಗೆ ಒತ್ತಿ, ಇನ್ನೊಂದನ್ನು ಅಂಚಿನ ಪಟ್ಟಿಗಳ ಮೇಲೆ ಒಂದೊಂದಾಗಿ ಮುಟ್ಟಿಸುತ್ತಾ ಹೋದೆ. ಬೀಪ್ ಬಂದ ಪಟ್ಟಿಗಳೆಲ್ಲ ಗ್ರೌಂಡ್. 14ನೇ ಕಾಲಿನಿಂದ ಅದೇ ರೀತಿ 5 ವೋಲ್ಟ್ ಸಿಕ್ಕಿತು. ಎರಡರ ನಡುವೆ ಶಾರ್ಟ್ ಇಲ್ಲವೆಂಬುದನ್ನೂ ಆಗಲೇ ನೋಡಿಕೊಂಡೆ. 12 ವೋಲ್ಟ್ ಹುಡುಕಲು ದಾರಿ ಬೇರೆ: ಶಾಖ ಹೊರಹಾಕುವ ಲೋಹದ ಹಾಳೆ ಹೊತ್ತ ಧ್ವನಿವರ್ಧಕ ಚಿಪ್ ಎಲ್ಲಿದೆಯೋ ಅಲ್ಲಿಗೆ ಹೋಗುವ ದಪ್ಪ ಗೆರೆ ಅದು. ಆ ಚಿಪ್‌ನಿಂದ ದೊಡ್ಡ ಕೆಪಾಸಿಟರ್ ದಾಟಿ ಅಂಚಿಗೆ ಬರುವುದು ಸ್ಪೀಕರ್.

ಜಾಯ್‌ಸ್ಟಿಕ್ ಮತ್ತು ಗುಂಡಿಗಳ ಪಟ್ಟಿಗಳು ಸುಲಭವಾಗಿ ಗುರುತು ಸಿಗುತ್ತವೆ. ಪ್ರತಿಯೊಂದರಿಂದಲೂ 5 ವೋಲ್ಟಿಗೆ ಒಂದು ರೆಸಿಸ್ಟರ್, ಅಂದರೆ ವಿದ್ಯುತ್ತಿಗೆ ತಡೆಯೊಡ್ಡುವ ಬಿಡಿಭಾಗ, ಇರುತ್ತದೆ. ಗುಂಡಿ ಒತ್ತಿದಾಗ ಆ ಗೆರೆ ಗ್ರೌಂಡಿಗೆ ಎಳೆಯಲ್ಪಡುತ್ತದೆ. ಯಾವುದು ಮೇಲೆ, ಯಾವುದು ಎಡ ಎಂಬುದು ಮಾತ್ರ ಆಟ ಓಡಿದ ಮೇಲಷ್ಟೇ ತಿಳಿಯುವ ಸಂಗತಿ.

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಬಣ್ಣದ ಸರ್ಕ್ಯೂಟ್. ಕೆಂಪು, ಹಸಿರು, ನೀಲಿ ಎಂಬ ಮೂರು ಪಟ್ಟಿಗಳ ಹಿಂದೆ ರೆಸಿಸ್ಟರುಗಳ ಮೂರು ಗುಂಪುಗಳಿರುತ್ತವೆ. ಬೇರೆಬೇರೆ ಪ್ರಮಾಣದ ತಡೆಯೊಡ್ಡುವ ಈ ರೆಸಿಸ್ಟರುಗಳು ಸೊನ್ನೆ ಒಂದುಗಳ ಸಂಕೇತವನ್ನು ಬಣ್ಣದ ತೀವ್ರತೆಯಾಗಿ ಬದಲಿಸುತ್ತವೆ. ಭೂತಗನ್ನಡಿ ಹಿಡಿದು ನೋಡಿದರೆ ಪ್ರತಿ ಗುಂಪಿನಲ್ಲಿ ಐದೈದು ಇದ್ದವು, ಒಂದೊಂದರ ಪಟ್ಟೆಗಳೂ ಬೇರೆ. ಒಂದು ಬಿಟ್‌ಗೆ, ಅಂದರೆ ಒಂದು ಸೊನ್ನೆ ಅಥವಾ ಒಂದಕ್ಕೆ, ಒಂದರಂತೆ ಐದು ರೆಸಿಸ್ಟರ್ ಎಂದರೆ ಒಂದೊಂದು ಬಣ್ಣಕ್ಕೂ 32 ಮಟ್ಟ.

"ಐದೇ? ಇನ್ನೊಮ್ಮೆ ಎಣಿಸಿ," ಎಂದ ಗೆಳೆಯರ ಮುಖ ಅರಳಿತು. ಯಾಕೆಂದು ಆಮೇಲೆ ಗೊತ್ತಾಯಿತು.

ಬೋರ್ಡಿನಲ್ಲಿ ಎರಡು ಜೆಡ್80 ಪ್ರೊಸೆಸರುಗಳಿದ್ದವು. ಒಂದರ ಪಕ್ಕದಲ್ಲಿ ಎವೈ-3-8910 ಎಂಬ 40 ಕಾಲಿನ ಧ್ವನಿ ಚಿಪ್‌ಗಳು ಎರಡು. ಬೋರ್ಡಿನ ವೇಗಕ್ಕೆ ತಾಳ ಹಾಕುವ ಕ್ರಿಸ್ಟಲ್‌ಗಳು 18.432 ಮತ್ತು 14.318 ಮೆಗಾಹರ್ಟ್ಸ್‌ನವು. ಒಂದು ಜೆಡ್80 ಮತ್ತು ಎರಡು ಎವೈ ಸೇರಿದ ಈ ಧ್ವನಿ ವಿಭಾಗವನ್ನು ಕೊನಾಮಿ ಕಂಪನಿ 1982-83ರಲ್ಲಿ ಹಲವು ಆಟಗಳಿಗೆ ಬಳಸಿತು: ಪೂಯಾನ್, ಟೈಮ್ ಪೈಲಟ್, ಟುಟಂಖಾಮ್, ರಾಕ್ ಎನ್ ರೋಪ್. ಕಡೆಯ ಎರಡರಲ್ಲಿ ಮುಖ್ಯ ಪ್ರೊಸೆಸರ್ ಜೆಡ್80 ಅಲ್ಲ, 6809 ಎಂಬ ಬೇರೆ ಜಾತಿಯದು, ಆದ್ದರಿಂದ ಅವು ಹೊರಬಿದ್ದವು. ಪೂಯಾನ್‌ನಲ್ಲಿ ಬಣ್ಣಕ್ಕೆ ಇರುವುದು ಒಟ್ಟು ಎಂಟು ಬಿಟ್ ಮಾತ್ರ: ಕೆಂಪಿಗೆ ಮೂರು, ಹಸಿರಿಗೆ ಮೂರು, ನೀಲಿಗೆ ಎರಡು. ಐದೈದು ರೆಸಿಸ್ಟರ್ ಇರುವುದು ಟೈಮ್ ಪೈಲಟ್‌ನಲ್ಲಿ. ಹೆಸರಿಲ್ಲದ ಬೋರ್ಡ್ ತನ್ನ ಹೆಸರನ್ನು ರೆಸಿಸ್ಟರುಗಳಲ್ಲಿ ಹೇಳಿತ್ತು.

ಬಳಿಕ ಈಪ್ರಾಮ್‌ಗಳನ್ನು ರೀಡರಿನಲ್ಲಿ ಓದಿ, ಅವುಗಳ ಲೆಕ್ಕಮೊತ್ತವನ್ನು, ಅಂದರೆ ಒಳಗಿನ ಪ್ರೋಗ್ರಾಂನಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆಯನ್ನು, ಹಳೆಯ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಮೇಮ್ ಎಂಬ ಎಮ್ಯುಲೇಟರಿನ ದಾಖಲೆಯೊಂದಿಗೆ ಹೋಲಿಸಿದೆವು. 1997ರಿಂದ ನಡೆದು ಬಂದಿರುವ ಆ ಯೋಜನೆ ಸಾವಿರಾರು ಹಳೆಯ ಆಟಗಳ ಚಿಪ್‌ಗಳನ್ನು ದಾಖಲಿಸಿಟ್ಟಿದೆ. ಲೆಕ್ಕ ತಾಳೆಯಾಯಿತು. ಕೆಲವರು ಮೊದಲ ಹೆಜ್ಜೆಯಾಗಿಯೇ ಇದನ್ನು ಮಾಡುತ್ತಾರೆ, ಅದು ತಪ್ಪಲ್ಲ. ಆದರೆ ಚಿಪ್‌ನ ಒಳಗಿನ ಪ್ರೋಗ್ರಾಂ ಯಾವುದೆಂದು ತಿಳಿದ ಮಾತ್ರಕ್ಕೆ ಬೋರ್ಡ್ ಯಾರು ಮಾಡಿದ್ದೆಂದು ತಿಳಿಯುವುದಿಲ್ಲ. ನಕಲು ಬೋರ್ಡುಗಳಲ್ಲಿ ಅದೇ ಪ್ರೋಗ್ರಾಂ ಇರಬಹುದು, ಅಂಚಿನ ಪಟ್ಟಿಗಳ ಕ್ರಮ ಮಾತ್ರ ಬೇರೆಯಾಗಿರಬಹುದು.

ಅಡಾಪ್ಟರಿಗೆ ಸಾಮಾನು ತರಲು ಮತ್ತೆ ಅಕಿಹಾಬರಕ್ಕೆ ಹೋಗಬೇಕಾಯಿತು. ಈ ಸಲ ನಿಲ್ದಾಣದ ಪಕ್ಕದಲ್ಲೇ ಇರುವ ರೇಡಿಯೊ ಸೆಂಟರ್. ಸೋಬು ಮಾರ್ಗದ ರೈಲು ಹಳಿಗಳ ಅಡಿಯಲ್ಲಿರುವ ಕಟ್ಟಡ ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ಭಾಗದ ಬೀದಿಗಳಲ್ಲಿ ರೇಡಿಯೊ ಬಿಡಿಭಾಗಗಳ ಅಂಗಡಿಗಳು ಹುಟ್ಟಿಕೊಂಡಿದ್ದವು. 1949ರಲ್ಲಿ ಮಿತ್ರಪಡೆಗಳ ಆಡಳಿತ ಬೀದಿ ಅಂಗಡಿಗಳನ್ನು ತೆರವು ಮಾಡಿಸಲು ಹೇಳಿದಾಗ ಆ ವ್ಯಾಪಾರಿಗಳು ಹಳಿಗಳ ಕೆಳಗೆ ನೆಲೆಯಾದರು. ಇಬ್ಬರು ಎದುರುಬದುರಾದರೆ ಒಬ್ಬರು ಮೈ ಓರೆ ಮಾಡಬೇಕಾದ ಓಣಿ, ಎರಡೂ ಕಡೆ ಇರುವೆಗೂಡಿನಂತೆ ಒತ್ತಿಕೊಂಡ ಪುಟ್ಟ ಅಂಗಡಿಗಳು. ಒಂದರಲ್ಲಿ ಸ್ವಿಚ್‌ಗಳು ಮಾತ್ರ, ಇನ್ನೊಂದರಲ್ಲಿ ವೈರ್ ಮಾತ್ರ, ಮಗದೊಂದರಲ್ಲಿ ಕನೆಕ್ಟರ್ ಮಾತ್ರ. ತಲೆಯ ಮೇಲೆ ರೈಲು ಹೋದಾಗಲೆಲ್ಲ ಮಾತು ನಿಲ್ಲುತ್ತದೆ, ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಕನೆಕ್ಟರ್ ಅಂಗಡಿಯ ಹಿರಿಯರಿಗೆ ನಾನು ಕಾಗದದ ಮೇಲೆ '18×2, 3.96' ಎಂದು ಬರೆದು ತೋರಿಸಿದೆ. ಅವರು ಹಿಂತಿರುಗಿ ನೋಡದೆ ಕೈಯನ್ನು ಬೆನ್ನ ಹಿಂದಿನ ಖಾನೆಗೆ ಹಾಕಿ ಬೇಕಾದ್ದನ್ನೇ ತೆಗೆದರು. ಇಂಥ ಅಂಗಡಿಗಳು ಉಳಿಯಬೇಕು. ಅಂತರ್ಜಾಲದಲ್ಲಿ ಎಲ್ಲವೂ ಸಿಗುತ್ತದೆ, ನಿಜ. ಆದರೆ ಕೊಳ್ಳುವ ಮುನ್ನ ಕನೆಕ್ಟರಿನ ಸ್ಪ್ರಿಂಗ್ ಎಷ್ಟು ಬಿಗಿಯಿದೆ ಎಂದು ಬೆರಳಿನಿಂದ ಒತ್ತಿ ನೋಡಲು ಸಿಗುವುದಿಲ್ಲ.

ಬೆಸುಗೆಯ ಕೆಲಸಕ್ಕೆ ತಾಳ್ಮೆ ಬೇಕು. ಅಡಾಪ್ಟರಿನ ಒಂದು ತುದಿಗೆ 36ರ ಕನೆಕ್ಟರ್, ಇನ್ನೊಂದು ತುದಿಗೆ ಜಮ್ಮಾದ 56 ಪಟ್ಟಿಗಳ ಹಲಗೆ. ಜಮ್ಮಾದಲ್ಲಿ ಚಿಪ್‌ಗಳಿರುವ ಬದಿಯ ಪಟ್ಟಿಗಳಿಗೆ 1ರಿಂದ 28ರವರೆಗೆ ಅಂಕಿ, ಬೆಸುಗೆಯ ಬದಿಗೆ ಅಕ್ಷರ. 1, 2 ಗ್ರೌಂಡ್; 3, 4 ಐದು ವೋಲ್ಟ್; 6 ಹನ್ನೆರಡು ವೋಲ್ಟ್; 12 ಕೆಂಪು, 13 ನೀಲಿ, ಹಸಿರು ಮತ್ತು ಚಿತ್ರವನ್ನು ಅಲುಗದಂತೆ ನಿಲ್ಲಿಸುವ ಸಿಂಕ್ ಸಂಕೇತ ಹಿಂಬದಿಯಲ್ಲಿ. 5 ವೋಲ್ಟ್ ಮತ್ತು ಗ್ರೌಂಡಿಗೆ ದಪ್ಪ ವೈರ್‌ಗಳನ್ನು, ಅದೂ ಒಂದಕ್ಕಿಂತ ಹೆಚ್ಚು ಹಾಕಿದೆವು. ಇಡೀ ಬೋರ್ಡಿನ ಕರೆಂಟ್ ಹರಿಯುವುದು ಅವುಗಳಲ್ಲೇ. ಅಲ್ಲಿ ಕಂಜೂಸುತನ ಮಾಡಿದರೆ ಕನೆಕ್ಟರ್ ಬಿಸಿಯಾಗಿ ಕಂದುತ್ತದೆ. ಹಳೆಯ ಕ್ಯಾಬಿನೆಟ್‌ಗಳಲ್ಲಿ ಆ ಜಾಗದ ಪ್ಲಾಸ್ಟಿಕ್ ಸುಟ್ಟು ಕಪ್ಪಾಗಿರುವುದನ್ನು ಎಷ್ಟೋ ಕಡೆ ನೋಡಬಹುದು.

ಮೊದಲು ಕ್ಯಾಬಿನೆಟ್ ಬಿಟ್ಟು ಮೇಜಿನ ಮೇಲಿನ ಪವರ್ ಸಪ್ಲೈಯಿಂದ ಕರೆಂಟ್ ಕೊಟ್ಟೆವು. ಸಪ್ಲೈ 5 ವೋಲ್ಟ್ ತೋರಿಸುತ್ತಿದ್ದರೂ ಜೆಡ್80ರ 11ನೇ ಕಾಲಿನಲ್ಲಿ ಅಳೆದಾಗ ಅದಕ್ಕಿಂತ ಕಡಿಮೆ ಇತ್ತು. 74 ಸರಣಿಯಂಥ ಹಳೆಯ ಟಿಟಿಎಲ್ ಚಿಪ್‌ಗಳಿಗೆ 4.75ರಿಂದ 5.25ರ ಒಳಗೆ ಇದ್ದರಷ್ಟೇ ನೆಮ್ಮದಿ. ದಾರಿಯಲ್ಲಿ ಸೋರಿದ್ದನ್ನು ಸೇರಿಸಿ, ಚಿಪ್‌ನ ಕಾಲಿನಲ್ಲಿ ಸರಿಯಾಗಿ 5 ಬರುವಂತೆ ಸಪ್ಲೈಯ ತಿರುಪನ್ನು ಹೊಂದಿಸಿದೆವು. ಆಮೇಲೆ ಆಸ್ಟ್ರೋ ಸಿಟಿಯ ಸರದಿ. ಟೈಮ್ ಪೈಲಟ್ ಉದ್ದುದ್ದ ನಿಂತ ಪರದೆಯ ಆಟವಾದ್ದರಿಂದ ಪಿಕ್ಚರ್ ಟ್ಯೂಬನ್ನೇ ಕಾಲು ಸುತ್ತು ತಿರುಗಿಸಿ ಉದ್ದಕ್ಕೆ ನಿಲ್ಲಿಸಬೇಕಿತ್ತು. ಟ್ಯೂಬಿನಲ್ಲಿ ಇಪ್ಪತ್ತು ಸಾವಿರ ವೋಲ್ಟ್‌ಗೂ ಮಿಕ್ಕಿದ ವಿದ್ಯುತ್ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಉಳಿದಿರಬಹುದು. ಅದನ್ನು ಗೆಳೆಯರೇ ತಿರುಗಿಸಿದರು, ನನ್ನನ್ನು ಹತ್ತಿರ ಬಿಡಲಿಲ್ಲ.

ಸ್ವಿಚ್ ಒತ್ತಿದಾಗ ಪರದೆಯ ತುಂಬ ನೀಲಿ ಆಕಾಶ, ತೇಲುವ ಬಿಳಿ ಮೋಡಗಳು, ಕ್ರಿ.ಶ. 1910 ಎಂಬ ಬರಹ. ಆಕಾಶ ನೀಲಿಯಾಗಿದೆ ಎಂದರೆ ಕೆಂಪು, ನೀಲಿ ವೈರ್‌ಗಳು ಅದಲುಬದಲಾಗಿಲ್ಲ ಎಂದು ಅರ್ಥ. ನಡುವೆ ನನ್ನ ವಿಮಾನ, ಸುತ್ತ ಎರಡು ರೆಕ್ಕೆಗಳ ಹಳೆಯ ವಿಮಾನಗಳು. ಜಾಯ್‌ಸ್ಟಿಕ್ ಎಡಕ್ಕೆ ದೂಡಿದರೆ ವಿಮಾನ ಎಡಕ್ಕೇ ಮೂತಿ ತಿರುಗಿಸಿತು. ಮೇಲೆ ಕೆಳಗೆ ಮಾತ್ರ ತಿರುವುಮುರುವಾಗಿದ್ದವು, ಎರಡು ವೈರ್ ಬದಲಿಸಿದ್ದಾಯಿತು. ನಂತರ ಗೆಳೆಯರು ಕುಳಿತು 1940, 1970, 1982 ದಾಟಿ, 2001ರ ಹಾರುವ ತಟ್ಟೆಗಳವರೆಗೆ ಆಡಿದರು. ಧ್ವನಿಯಲ್ಲಿ ಸಣ್ಣ ಗೊರಗೊರ ಇತ್ತು. ಕೆಪಾಸಿಟರ್ ಒಣಗಿರಬೇಕು, ಬದಲಿಸಿದರೆ ಹೋಗುತ್ತದೆ ಎಂದರು.

36 ಪಟ್ಟಿಗಳ ನಕ್ಷೆಯನ್ನು ದಪ್ಪ ಕಾಗದದ ಮೇಲೆ ಬರೆದು ಅಡಾಪ್ಟರಿಗೆ ಕಟ್ಟಿದೆವು. ಅಷ್ಟರಲ್ಲಿ ಅವರು ಕಪಾಟಿನಿಂದ ಇನ್ನೊಂದು ಬೋರ್ಡ್ ತಂದು ಮೇಜಿನ ಮೇಲಿಟ್ಟರು. ಅದಕ್ಕೆ 44 ಪಟ್ಟಿಗಳು, ಅಂಚಿನ ಬಳಿಯೇ ದಪ್ಪ ಡಯೋಡುಗಳು, ದೊಡ್ಡ ಕೆಪಾಸಿಟರ್. ಅಮೆರಿಕದಲ್ಲಿ ಮಿಡ್‌ವೇ ಕಂಪನಿ ತಯಾರಿಸಿದ ಪ್ಯಾಕ್-ಮ್ಯಾನ್ ಬೋರ್ಡುಗಳು ಹೀಗೇ ಇರುತ್ತವೆ: 5 ವೋಲ್ಟ್ ಡಿಸಿಯನ್ನು ಹೊರಗಿನಿಂದ ಕೇಳುವುದಿಲ್ಲ, ಟ್ರಾನ್ಸ್‌ಫಾರ್ಮರಿನಿಂದ ನೇರವಾಗಿ ಎಸಿ ತೆಗೆದುಕೊಂಡು ತಮ್ಮೊಳಗೇ ಡಿಸಿ ಮಾಡಿಕೊಳ್ಳುತ್ತವೆ. ಅದಕ್ಕೆ ಹೊಂದುವ ಟ್ರಾನ್ಸ್‌ಫಾರ್ಮರ್ ಆ ಕೋಣೆಯಲ್ಲಿರಲಿಲ್ಲ, ಅಕಿಹಾಬರದ ಅಂಗಡಿಗಳು ಆ ಹೊತ್ತಿಗೆ ಬಾಗಿಲು ಹಾಕಿದ್ದವು. ಗ್ರೌಂಡ್ ಪಟ್ಟಿಗಳನ್ನು ಗುರುತು ಮಾಡಿಟ್ಟು ಎದ್ದೆವು.