ಸರ್ದಾರರ ಚರಂಡಿ ಕೆಲಸ
ಸರ್ದಾರ್ ಪಟೇಲರೆಂದರೆ ನನಗೆ ಮೊದಲು ನೆನಪಾಗುವುದು ಸಂಸ್ಥಾನಗಳ ವಿಲೀನವಲ್ಲ, ಅಹಮದಾಬಾದಿನ ಚರಂಡಿಗಳು. ಕೈತುಂಬ ವಕಾಲತ್ತು ಇದ್ದ ಬ್ಯಾರಿಸ್ಟರು 1917ರಲ್ಲಿ ಅಲ್ಲಿನ ಪುರಸಭೆಗೆ ಆರಿಸಿಬಂದು ನೈರ್ಮಲ್ಯ ಸಮಿತಿಯ ಹೊಣೆ ಹೊತ್ತರು. ಅದೇ ವರ್ಷ ಪ್ಲೇಗ್ ಬಂತು. ಅನುಕೂಲಸ್ಥರು ಊರು ಬಿಟ್ಟರು. ಇವರು ಬಿಡಲಿಲ್ಲ, ಗಲ್ಲಿಗಲ್ಲಿ ಸುತ್ತಿ ಚರಂಡಿ ಕೆಲಸಗಾರರ ಜೊತೆ ನಿಂತರು. ಆಳುಗಳನ್ನು ಕಳಿಸಿ ಮನೆಯಲ್ಲಿ ಕೂರಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಅದಕ್ಕೇ ಈ ಮನುಷ್ಯನ ಮೇಲೆ ನನಗೆ ಇಷ್ಟು ಗೌರವ.

1924ರಿಂದ 1928ರವರೆಗೆ ಅದೇ ಪುರಸಭೆಯ ಅಧ್ಯಕ್ಷಗಿರಿ. ನಡುವೆ 1927ರ ಭೀಕರ ಮಳೆ, ನೆರೆ ಪರಿಹಾರ. ಆಮೇಲೆ ಬಾರ್ಡೋಲಿಯ ರೈತ ಸತ್ಯಾಗ್ರಹ, ಅದು ಎಲ್ಲರಿಗೂ ಗೊತ್ತು. ಆದರೆ ನೀರು, ಬೀದಿ, ಕಸವೆಂದು ದುಡಿದ ಆ ಹನ್ನೊಂದು ವರ್ಷಗಳ ಬಗ್ಗೆ ಶಾಲೆಯಲ್ಲಿ ನಮಗೆ ಯಾರೂ ಹೇಳಲೇ ಇಲ್ಲ.